ಉಸ್ತಾದರ ದನಿಯಲ್ಲಿ ನಾನಂದ ಮಾತು

ಅವತ್ತು ಪರದೆಯ ಹಿಂದಿನಿಂದ "ಹಾಂ... ಕೊಡು ಬೇಟಾ, ಕೊಡು" ಎಂದದ್ದು ಖಾದರ್ ಉಸ್ತಾದರಲ್ಲ. ನಾನು. ಉಸ್ತಾದರು ನಿದ್ದೆ ಹೋಗಿದ್ದರು.

ಇದನ್ನು ಮೊದಲಿಗೇ ಹೇಳಿಬಿಡಬೇಕು. ಯಾಕೆಂದರೆ ನಾನು ಕೂತಲ್ಲಿ ಇಡೀ ರಾಯಚೂರನ್ನು ಅಣಕಿಸಿ, ನಾಲ್ಕು ಮಂದಿಯನ್ನು ನಗಿಸಿ, ಹೇಳಬೇಕಾದದ್ದನ್ನು ಮಾತ್ರ ಹೇಳದೆ ಎದ್ದು ಹೋಗುವ ಜಾತಿಯವ. ಬಸ್ ಸ್ಟ್ಯಾಂಡಿನ ಮೈಕಿನ ಹೆಣ್ಣುದನಿ, ಮೋಟಾರು ಹೊತ್ತು ತರುವ ಕಲ್ಮಲದ ರೈತರ ಏದುಸಿರು, ನಮ್ಮಪ್ಪ ಬೈಯುತ್ತ ಕೆಮ್ಮುವುದು, ಕೆಮ್ಮುತ್ತ ಬೈಯುವುದು — ಎಲ್ಲ ಬರುತ್ತಿತ್ತು. ನನ್ನನ್ನೂ ಬಿಟ್ಟಿರಲಿಲ್ಲ. ಐಟಿಐ ಫೇಲಾದ ಹನುಮೇಶ ಮನೆಯಲ್ಲಿ ರಿಸಲ್ಟ್ ಹೇಳುವ ರೀತಿ ಎಂದರೆ ಗೆಳೆಯರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ಹನುಮೇಶ ನಾನೇ.

ಎಲ್ಲರಿಗಿಂತ ಚೆನ್ನಾಗಿ ಬರುತ್ತಿದ್ದದ್ದು ಉಸ್ತಾದರ ದನಿ. ಅವರ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದೆ. ಅಲ್ಲಿ ಒಂದೇ ಕಾನೂನು. ಸುತ್ತಿದ ಮೋಟಾರಿರಲಿ, ಕರೆಂಟ್ ಒಲೆಯ ಸ್ಪ್ರಿಂಗಿರಲಿ, ಉಸ್ತಾದರು ಮೀಟರು ಹಿಡಿದು ನೋಡಿ "ಹಾಂ... ಕೊಡು ಬೇಟಾ, ಕೊಡು" ಎನ್ನುವ ತನಕ ಯಾರೂ ಕರೆಂಟ್ ಕೊಡುವಂತಿಲ್ಲ. ರೈತರಿಗೂ ಇದು ಗೊತ್ತಿತ್ತು. ಆ ಮಾತು ಬಿದ್ದ ಮೇಲೆಯೇ ಅವರು ಬೀಡಿ ಹಚ್ಚುತ್ತಿದ್ದರು.

ಮಲ್ಲೇಶಿ ನನ್ನ ಬಾಲ್ಯದ ಗೆಳೆಯ. ಮಾನ್ವಿಯಲ್ಲಿ ಕಟಿಂಗ್ ಅಂಗಡಿ ಇಟ್ಟಿದ್ದ. ಕತ್ತಿ ಹಿಡಿದರೆ ಗಲ್ಲಕ್ಕೆ ತಾಗಿದ್ದೇ ಗೊತ್ತಾಗದ ಕೈ. ಪೋತ್ನಾಳದಿಂದ ಮದುಮಕ್ಕಳು ಅವನ ಹತ್ತಿರವೇ ಬರುತ್ತಿದ್ದರು. ಒಂದೇ ತೊಂದರೆ — ಅವನಿಗೆ ಬೀಡಿ. ಗಿರಾಕಿಯ ಮೂಗಿನ ಕೆಳಗೇ ಆಡುವ ಬೆರಳು, ಬೀಡಿ ನಾತ. ಒಬ್ಬ ಮದುಮಗ ಅರ್ಧ ಗಡ್ಡದಲ್ಲೇ ಎದ್ದು ಹೋದನಂತೆ. ಆಮೇಲೆ ಅವನು ಎಲ್ಲಿಂದಲೋ ಕೈಬದಲಾದ ಒಂದು ವೇಪ್ ಕೊಳವೆ ತಂದ, ಬ್ಯಾಟರಿಯಿಂದ ಹೊಗೆ ಬಿಡುವಂಥದ್ದು. ಅಂಗಡಿಗಳಲ್ಲಿ ಅದನ್ನು ಮಾರುವಂತಿಲ್ಲವಲ್ಲ, ಅದರೊಳಗೆ ಕಾದು ಹೊಗೆ ಎಬ್ಬಿಸುವ ತಂತಿಯ ಕಾಯಿಲೂ ಸಿಗುವುದಿಲ್ಲ. "ಲೇ ಹನುಮ್ಯಾ, ನೀವು ತಂತಿ ಸುತ್ತೋ ಮಂದಿ. ಇದಕ್ಕೊಂದು ಸುತ್ತಿ ಕೊಡಲೇ" ಎಂದ.

ಸುತ್ತಿದೆ. ಒಲೆಯ ತಂತಿಗಿಂತ ಸಣ್ಣದನ್ನು ಸೂಜಿಗೆ ಸುತ್ತಿ ಸುರುಳಿ ಮಾಡಿದೆ. ಉಸ್ತಾದರು ಕನ್ನಡಕ ಏರಿಸಿ ನೋಡಿ, "ಇದೇನಲೇ, ಇರುವಿಗೆ ಹೀಟರ್ ಮಾಡಾಕತ್ತೀಯೇನು?" ಎಂದು ನಕ್ಕರು. ನಕ್ಕರೂ ಕಲಿಸುವುದು ಬಿಡಲಿಲ್ಲ. ಇಷ್ಟು ಸಣ್ಣ ತಂತಿ ಅಳೆಯುವಾಗ ಮೊದಲು ಮೀಟರಿನ ಎರಡೂ ಕಡ್ಡಿ ಒಂದಕ್ಕೊಂದು ಮುಟ್ಟಿಸಬೇಕು. ಆಗ ಎಷ್ಟು ತೋರಿಸುತ್ತದೋ ಅಷ್ಟನ್ನು ಕೊನೆಗೆ ಕಳೆಯಬೇಕು. "ಮೊದ್ಲ ಮೀಟರಿನ ಸುಳ್ಳು ತೆಗಿ. ಆಮ್ಯಾಲ ತಂತಿ ಅಳಿ. ಬ್ಯಾಟರಿ ಹಾಕೂ ಮುಂದ ನನಗ ತೋರ್ಸು" ಎಂದರು.

ಆ ಒಂದು ಸುರುಳಿ ಚೆನ್ನಾಗಿಯೇ ನಡೆಯಿತು. ಆದರೆ ಮಲ್ಲೇಶಿಗೆ ಹೊಗೆ ಸಾಲಲಿಲ್ಲ. ತಿಂಗಳೊಳಗೆ ಮತ್ತೆ ಬಂದ — ಎರಡು ಸುರುಳಿ ಹಾಕಿಕೊಡು ಎಂದು.

ಇಲ್ಲಿ ನನ್ನ ದಡ್ಡತನ ಕೇಳಿ. ನಮ್ಮಲ್ಲಿ ಒಲೆಯ ತಂತಿ ಹರಿದರೆ ಇನ್ನೊಂದು ತುಂಡನ್ನು ತುದಿಗೆ ತುದಿ ಕೂಡಿಸುತ್ತೇವೆ. ತಂತಿ ಉದ್ದವಾಯಿತು, ಓಮ್, ಅಂದರೆ ಕರೆಂಟಿಗೆ ತಡೆ, ಹೆಚ್ಚಾಯಿತು, ಕರೆಂಟ್ ಕಡಿಮೆ ಹರಿಯಿತು. ದಿನವೂ ಮಾಡುವ ಕೆಲಸ. ಅದೇ ಲೆಕ್ಕ ಇಲ್ಲಿಗೂ ಹಾಕಿದೆ — ಒಂದಕ್ಕೆ ಇಷ್ಟು, ಎರಡಕ್ಕೆ ಅದರ ದುಪ್ಪಟ್ಟು, ಇನ್ನೂ ಭದ್ರ! ಆದರೆ ಆ ಕೊಳವೆಯಲ್ಲಿ ಎರಡೂ ಸುರುಳಿ ಅವೇ ಎರಡು ಕಂಬಗಳ ನಡುವೆ ಅಕ್ಕಪಕ್ಕ ನಿಲ್ಲುತ್ತವೆ. ಕಾಲುವೆಗೆ ಒಂದಿದ್ದಲ್ಲಿ ಎರಡು ತೂಬು ತೆರೆದಂತೆ. ಓಮ್ ದುಪ್ಪಟ್ಟಾಗುವುದಿಲ್ಲ, ಅರ್ಧಕ್ಕಿಳಿಯುತ್ತದೆ; ಕರೆಂಟ್ ದುಪ್ಪಟ್ಟು ನುಗ್ಗುತ್ತದೆ. ಬ್ಯಾಟರಿಯೋ ಹಳೆಯ ಲ್ಯಾಪ್‌ಟಾಪಿನಿಂದ ಕಿತ್ತದ್ದು, ಮೈಮೇಲಿನ ಹಾಳೆ ಹರಿದು ನಾನು ಟೇಪ್ ಸುತ್ತಿದ್ದು. ತಡೆಯಲು ಆ ಕೊಳವೆಯಲ್ಲಿ ಬೇರೆ ಏನೂ ಇಲ್ಲ. ಮೀಟರು ಕೈಯಳತೆಯಲ್ಲೇ ಇತ್ತು. ಹಿಡಿಯಲಿಲ್ಲ. ಮನಸ್ಸಿನಲ್ಲೇ ಕೂಡಿಸಿದ್ದೆನಲ್ಲ —

ಮಧ್ಯಾಹ್ನ. ರಾಯಚೂರಿನ ಬಿಸಿಲು. ಉಸ್ತಾದರು ಊಟ ಮಾಡಿ ಪರದೆಯ ಹಿಂದೆ ಅಡ್ಡಾಗಿದ್ದರು. ಮಲ್ಲೇಶಿಗೆ ಮಾನ್ವಿ ಬಸ್ಸಿನ ಅವಸರ. ಆದರೂ ಕೇಳಿದ, ಪುಣ್ಯಾತ್ಮ: "ಉಸ್ತಾದರು ನೋಡ್ಯಾರೇನಲೇ?"

ಎಬ್ಬಿಸಿದರೆ ಬೈಗುಳ. ಎಬ್ಬಿಸಬೇಕಿತ್ತು. "ತಡಿ, ಕೇಳ್ಕೊಂಡು ಬರ್ತೀನಿ" ಎಂದು ಪರದೆಯ ಹಿಂದೆ ಹೋದೆ. ನನ್ನ ದನಿಯಲ್ಲಿ "ಉಸ್ತಾದ್, ಕೊಡ್ಲೇನ್ರಿ?" ಎಂದೆ. ಅವರ ದನಿಯಲ್ಲಿ, ಆ ಗೊಗ್ಗರು, ಆ ನಡುವಿನ ಉಸಿರು ಎಲ್ಲ ಸೇರಿಸಿ, "ಹಾಂ... ಕೊಡು ಬೇಟಾ, ಕೊಡು" ಎಂದೆ. ಮಲ್ಲೇಶಿ ನಂಬಿದ ಎಂದು ಪರದೆಯ ಹಿಂದೆ ನಿಂತು ನಗು ತಡೆದುಕೊಂಡೆ. ಆಮೇಲೆ ಹೇಳಿ ನಗಿಸೋಣವೆಂದು.

ಪರದೆಯಾಚೆ ಮಲ್ಲೇಶಿ ಗುಂಡಿ ಒತ್ತಿದ. ಸದ್ದಿಗಿಂತ ಮೊದಲು ಒಂದು ಸಿಳ್ಳೆ ಕೇಳಿಸಿತು. ಆಮೇಲೆ ಬ್ಯಾಟರಿ ಸಿಡಿದ ಸದ್ದು. ಆಮೇಲೆ ಮಲ್ಲೇಶಿಯ ಕೂಗು.

ಬಲಗೈಯ ಹೆಬ್ಬೆರಳು ಉಳಿಯಿತು — ಇದೆ, ಆದರೆ ಬಾಗುವುದಿಲ್ಲ. ಕತ್ತಿ ಹಿಡಿಯುವ ಬೆರಳು.

ಆಸ್ಪತ್ರೆಯ ಪಡಸಾಲೆಯಲ್ಲಿ ಅವನ ಅವ್ವ ನಿಂಗವ್ವ ಉಸ್ತಾದರ ಮುಂದೆ ನಿಂತು ಕೇಳಿದಳು. ಜಗಳಕ್ಕಲ್ಲ, ಸುಮ್ಮನೆ ತಿಳಿದುಕೊಳ್ಳಲಿಕ್ಕೆ. "ಯಪ್ಪಾ, ನೀವು ಕೊಡು ಅಂದ್ರಂತ ಒತ್ತೀನಿ ಅಂತಾನ. ನೀವು ನೋಡಿದ್ರೇನ್ರಿ?"

ಉಸ್ತಾದರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅಷ್ಟೇ ಮಾಡಿದ್ದು ನಾನು. ಅಲ್ಲೇ ಹೇಳಿಬಿಟ್ಟಿದ್ದರೆ ಎರಡು ಏಟು ಬೀಳುತ್ತಿತ್ತು, ಅಲ್ಲಿಗೆ ಮುಗಿಯುತ್ತಿತ್ತು.

"ನೋಡಿಲ್ಲವ್ವಾ" ಎಂದರು ಉಸ್ತಾದರು. "ಕಣ್ಣು ಹತ್ತಿತ್ತು. ಆದ್ರ ಅಂದೀನಿ. ನಿದ್ದಿಗಣ್ಣಾಗ ಅಂದೀನಿ. ನನ್ನ ದನಿ ನನ್ನ ಕಿವಿಗಿ ಬಿತ್ತು." ಅಂದು ಆ ಹೆಂಗಸಿಗೆ ಕೈ ಮುಗಿದರು.

ನಾಳೆ ಹೇಳೋಣ ಎಂದುಕೊಂಡೆ. ಮರುದಿನ ಅವರು ಅಂಗಡಿ ತೆರೆದರು. ಒಬ್ಬ ರೈತ ಮೋಟಾರಿಗೆ ವೈರು ಹಚ್ಚಿ "ಕೊಡ್ಲೇನ್ರಿ?" ಎಂದ. ಉಸ್ತಾದರು ಮೀಟರು ನೋಡಿದರು, ಮತ್ತೆ ನೋಡಿದರು, ಬಾಯಿ ತೆರೆದರು. ನನ್ನತ್ತ ತಿರುಗಿ, "ನೀ ಹೇಳು ಬೇಟಾ" ಎಂದರು. ಹೇಳಿದೆ! ಅವತ್ತಿನಿಂದ ಆ ಅಂಗಡಿಯಲ್ಲಿ 'ಕೊಡು' ಎನ್ನುವವ ನಾನಾದೆ. ಆಮೇಲೆ ಮಧ್ಯಾಹ್ನ ಅಡ್ಡಾಗುವಾಗ ಅವರು ಬಾಯಿಗೆ ನೀಲಿ ಗೆರೆಯ ಟವಲ್ ಬಿಗಿದು ಕಟ್ಟಿಕೊಳ್ಳತೊಡಗಿದರು — ನಿದ್ದೆಯಲ್ಲಿ ಮತ್ತೇನಾದರೂ ಅಂದುಬಿಟ್ಟೇನೆಂದು. ಚಹಾದಂಗಡಿಯಲ್ಲಿ ನಾನು ಅದನ್ನೂ ಮಾಡಿ ತೋರಿಸಿದೆ. ಟವಲ್ ಕಟ್ಟಿಕೊಂಡು ಗೊರಕೆ ಹೊಡೆಯುವ ಉಸ್ತಾದ್. ಮಂದಿ ನಕ್ಕರು. ಎಲ್ಲರಿಗಿಂತ ಮೊದಲು ನಾನೇ ನಕ್ಕೆ.

ವರ್ಷ ತುಂಬುವುದರೊಳಗೆ ಬೀಗದ ಕೈ ನನಗೆ ಕೊಟ್ಟು, ಅವರು ದೇವದುರ್ಗದಲ್ಲಿರುವ ಮಗಳ ಮನೆಗೆ ಹೋದರು. ಅಂಗಡಿ ಈಗ ನನ್ನದು. ಚೆನ್ನಾಗಿ ನಡೆಯುತ್ತಿದೆ, ಅದನ್ನು ಬರೆಯಲಿಕ್ಕೇ ನಾಚಿಕೆಯಾಗುತ್ತದೆ.

ಈ ಬೇಸಿಗೆಯಲ್ಲಿ ಮಾನ್ವಿಗೆ ಹೋದೆ. ಮಲ್ಲೇಶಿಯ ಅಂಗಡಿಯಲ್ಲಿ ಈಗ ಅವನ ತಮ್ಮ ಕತ್ತಿ ಹಿಡಿಯುತ್ತಾನೆ; ಮಲ್ಲೇಶಿ ಎಡಗೈಯಲ್ಲಿ ಸೋಪು ಕಲಸಿ ಕೊಡುತ್ತಾನೆ. ಗಡ್ಡ ಮುಗಿಯುವ ತನಕ ಕಾದು, ತಮ್ಮ ಚಹಾ ತರಲು ಹೋದಾಗ, ಕುತ್ತಿಗೆಗೆ ಬಿಳಿ ಬಟ್ಟೆ ಇದ್ದಂತೆಯೇ ಉಸ್ತಾದರ ಟವಲ್ಲಿನ ತನಕ ಎಲ್ಲ ಹೇಳಿದೆ. ಅವನು ಕನ್ನಡಿಯಲ್ಲೇ ನನ್ನನ್ನು ನೋಡಿದ. ಆಮೇಲೆ ಬಟ್ಟೆ ಬಿಚ್ಚಿ ಝಾಡಿಸಿ, "ನನ್ನ ಬೆರಳಿಗೇನೂ ಹೇಳಬ್ಯಾಡ, ಅದು ಕೇಳಂಗಿಲ್ಲ" ಎಂದ. "ಆ ಮುದುಕನ ಬಾಯಾಗಿನ ಟವಲ್ ಬಿಚ್ಚು, ಹೋಗು. ಆಮ್ಯಾಲ ಈ ಮೆಟ್ಟಲ ಹತ್ತಬ್ಯಾಡ."

ದೇವದುರ್ಗಕ್ಕೆ ಹೋದೆ. ಮಗಳು ಬಾಗಿಲು ತೆರೆದಳು. ಉಸ್ತಾದರು ಹೊರಸಿನ ಮೇಲೆ ಅಡ್ಡಾಗಿ, ಅದೇ ನೀಲಿ ಗೆರೆಯ ಟವಲ್ ಬಾಯಿಗೆ ಕಟ್ಟಿಕೊಂಡು, ಕಣ್ಣು ಮುಚ್ಚಿದ್ದರು. ನಾನೇ ಗಂಟು ಬಿಚ್ಚಿದೆ. ಎಚ್ಚರವಾಗಿ, ಮೊದಲು "ಏನರ ಅಂದೆನೇನು?" ಎಂದು ಕೇಳಿದರು.

ಕೆಳಗೆ ಕೂತು ಹೇಳಿದೆ. ನಗಿಸದೆ, ಸುತ್ತದೆ ಹೇಳಿದೆ. ಅವರು ಕೇಳಿದರು, ತಲೆಯಾಡಿಸಿದರು, "ಹಂಗಾರ ಮಾಡಿ ತೋರ್ಸು" ಎಂದರು.

ಅವರ ಬೆನ್ನ ಹಿಂದೆ ಸಾವಿರ ಸಲ ಮಾಡಿದ ದನಿ. ಬಾಯಿ ತೆರೆದೆ. ಬಂದದ್ದು ಯಾರ ದನಿಯೂ ಅಲ್ಲ. ಮತ್ತೊಮ್ಮೆ ಮಾಡಿದೆ. ಇನ್ನೂ ಕೆಟ್ಟಿತು. ಟವಲ್ ನನ್ನ ಕೈಯಲ್ಲೇ ಇತ್ತು.

ಉಸ್ತಾದರು ನಕ್ಕು ನನ್ನ ತಲೆಯ ಮೇಲೆ ಕೈಯಿಟ್ಟರು.

"ಇದೇನಲೇ, ಆಡು ಒದರಿದಂಗ ಅದ! ಅವತ್ತು ನಾ ಕೇಳಿದ್ದು ನನ್ನ ದನಿ. ನನ್ನ ದನಿ ನನಗ ಗುರ್ತು ಹತ್ತಂಗಿಲ್ಲೇನು? ಈ ಮುದುಕನ ಸಲುವಾಗಿ ಸುಳ್ಳು ಹೊತ್ಕೊಂಡು ಇಷ್ಟು ದೂರ ಬಂದೀ, ಒಳ್ಳೇಂವ ಅದಿ ನೀ. ಆ ಟವಲ್ ಇತ್ತ ಕೊಡು ಬೇಟಾ, ಕೊಡು."