ರಣಹದ್ದುಗಳ ಪಂಕ್ತಿಗೆ ಬಡಿಸುವಾಕೆ

ಮಿಂಚೋನನ್ನು ಮಣ್ಣು ಮಾಡಲು ಬಂದವರೆಲ್ಲ ನಿನ್ನೆ ಸಂಜೆಯೇ ಹೊರಟುಹೋಗಿದ್ದಾರೆ. ಬಾಗಿಲಿಗೆ ಅಂಟಿಸಿದ ಸಾವಿನ ಚೀಟಿಯಲ್ಲಿ ಅವನ ಫೋಟೊ ಇಬ್ಬನಿಗೆ ಉಬ್ಬಿಕೊಂಡಿದೆ. ಬೆಳಕು ಹರಿಯುವ ಮುನ್ನವೇ ಅವನ ಹೆಂಡತಿ ದೋನ್ಕಾ ತಲೆಗೆ ಕರಿ ವಸ್ತ್ರ ಕಟ್ಟಿ, ಸತ್ತ ಕುರಿಯೊಂದನ್ನು ಕೈಗಾಡಿಗೆ ಎಳೆದು ಹಾಕಿ, ಆರ್ದಾ ನದಿಯ ಮೇಲಿನ ಬಂಡೆಗುಡ್ಡ ಹತ್ತುತ್ತಿದ್ದಾಳೆ. ರಣಹದ್ದುಗಳು ಉಪವಾಸ ಬಿದ್ದು ವಾರವಾಯಿತು.

ಕುರಿಯನ್ನು ಬಂಡೆಯ ಮೇಲೆ ಕೆಡವಿ, ಕಲ್ಲಿನ ಮರೆಯಲ್ಲಿ ಕೂತ ಮೇಲೆ ಅವಳಿಗೆ ಥಟ್ಟನೆ ಹೊಳೆಯುತ್ತದೆ. ಇದು ಯಾರ ಕುರಿ? ಸಾವಿನ ಮನೆಯ ಗದ್ದಲದಲ್ಲಿ ಯಾರೋ ಗೇಟಿನ ಬಳಿ ಬಿಟ್ಟುಹೋಗಿದ್ದರು. ಯಾರದೆಂದು ತಿಳಿಯದ ಹೆಣವನ್ನು ಮಿಂಚೋ ಎಂದೂ ಇಟ್ಟವನಲ್ಲ. ತೋಳವನ್ನು ಕೊಲ್ಲಲೆಂದು ವಿಷ ಸವರಿದ ಒಂದು ಕುರಿ ಸಾಕು, ಗುಡ್ಡದ ಹದ್ದುಗಳೆಲ್ಲ ಒಂದೇ ಊಟಕ್ಕೆ ಮುಗಿಯುತ್ತವೆ.

ಅಷ್ಟರಲ್ಲಿ ಕಾಡುಕಾಗೆಗಳು ಇಳಿದು ಕಣ್ಣು ಕುಕ್ಕತೊಡಗಿವೆ. "ಎದ್ದು ಓಡಿಸ್ಲಾ?" ಎಂದುಕೊಳ್ಳುತ್ತಾಳೆ ದೋನ್ಕಾ. ಹದ್ದುಗಳ ವಾರದ ಉಪವಾಸ ನೆನೆದು ಕೂತೇ ಇರುತ್ತಾಳೆ.

ಹಕ್ಕಿ ಉಳಿಸುವ ಸಂಘವೊಂದರ ಕೂಲಿಗೆ ಗಂಡಹೆಂಡತಿ ಹನ್ನೆರಡು ವರ್ಷ ಸತ್ತ ದನಕುರಿಗಳ ಹೆಣವನ್ನು ಈ ಬಂಡೆಗೆ ಹೊತ್ತಿದ್ದಾರೆ. ವಾರಕ್ಕೆ ಎರಡೋ ಮೂರೋ. ರೊಟ್ಟಿ ಅಂಗಡಿಯ ಸಾಲಿನಲ್ಲಿ ಹೆಂಗಸರು ದೂರ ಸರಿದು, "ಬಂದ್ಲಪ್ಪ, ಅತ್ತರು ಪೂಸ್ಕೊಂಡು!" ಎಂದು ನಗುತ್ತಾರೆ. ಅವಳಿಗೆ ಅದು ಅಭ್ಯಾಸವಾಗಿದೆ. ಪಕ್ಕದಲ್ಲಿ ಮಿಂಚೋ ಇಲ್ಲದೆ ಹೀಗೆ ಕಾಯುವುದು ಅಭ್ಯಾಸವಾಗಿಲ್ಲ.

ಕಂದು ಹದ್ದುಗಳು ಹಿಂಡಾಗಿ ಬೀಳುತ್ತವೆ. ಹೆಚ್ಚು ಹಸಿದದ್ದು ರೆಕ್ಕೆ ಬಿಚ್ಚಿ ಹಾರಿ ಒದೆಯುತ್ತದೆ, ಹೊಟ್ಟೆ ತುಂಬಿದ್ದು ಹಿಂದೆ ಸರಿಯುತ್ತದೆ. ಅವಕ್ಕೆ ಕರುಳು, ಮೆತ್ತನೆ ಮಾಂಸ. ಆಮೇಲೆ ದೊಡ್ಡ ಕಪ್ಪು ಹದ್ದು ಬಂದು, ಉಳಿದವು ಹರಿಯಲಾರದ ಚರ್ಮ, ನರ ಕೀಳುತ್ತದೆ. ಸಿಡಿದ ಚೂರು ಹಳದಿ ಮುಖದ ಪುಟ್ಟ ಬಿಳಿ ಹದ್ದಿಗೆ. "ಜಗಳ ಆಡ್ತಾನೇ ಊಟ ಮಾಡ್ತವೆ. ಯಾವುದೂ ಇನ್ನೊಂದನ್ನ ಮುಗಿಸಲ್ಲ" ಎಂದು ತನಗೆ ತಾನೇ ಹೇಳಿಕೊಳ್ಳುತ್ತಾಳೆ.

ಇಂದು ಎಳೆಯ ಹದ್ದೊಂದು ಮಾತ್ರ ದೂರ ಕೂತಿದೆ. ರೆಕ್ಕೆ ಜೋತಿದೆ, ತಲೆ ತಗ್ಗಿದೆ. ವಿಷವೇ ಏರಿತೆಂದು ದೋನ್ಕಾ ಬಾಯಿಗೆ ತಲೆವಸ್ತ್ರದ ಅಂಚು ಒತ್ತಿಕೊಳ್ಳುತ್ತಾಳೆ. ಎಷ್ಟೋ ಹೊತ್ತಿನ ಮೇಲೆ ಅದು ಕುಂಟುತ್ತಾ ಬಂದು, ದೊಡ್ಡವು ಬಿಟ್ಟ ಪಕ್ಕೆಲುಬಿಗೆ ಕತ್ತು ತೂರಿಸುತ್ತದೆ. ಪೆಟ್ಟು ತಿಂದು ಸರದಿ ಕಾಯುತ್ತಿತ್ತು, ಅಷ್ಟೇ.

ಆದರೂ ಅವಳು ನೇರ ಶಾಕಿರನ ಕುರಿಹಟ್ಟಿಗೆ ನಡೆಯುತ್ತಾಳೆ. ಈಚೆಗೆ ತೋಳದ ಕಾಟ ಅವನಿಗೇ ಹೆಚ್ಚು.

"ಕುರಿ ನಂದೇ, ತಂಗಿ. ತೋಳ ಮುರಿದದ್ದು" ಎನ್ನುತ್ತಾನೆ ಶಾಕಿರ. "ಸಾವಿನ ಮನೇಲಿ ಕುರಿ ಸುದ್ದಿ ಯಾಕೆ ಅಂತ ಸುಮ್ನೆ ಬಿಟ್ಟು ಬಂದೆ."

"ವಿಷ ಹಾಕಿಲ್ಲ ತಾನೆ, ಅಣ್ಣ?"

"ಎಲ್ಲಿಂದ ಹಾಕ್ಲಿ? ವಿಷದ ಡಬ್ಬಿ ನಿನ್ನ ಗಂಡನ ಹತ್ರಾನೇ ಇದೆ. 'ಒಂದು ಚಳಿಗಾಲಕ್ಕೆ ಸಾಲ ಕೊಡು' ಅಂತ ಇಸ್ಕೊಂಡು ಹೋದ. ವಿಷ ಸಾಲ ಕೇಳಿದವನನ್ನ ನಾನು ಮೊದಲ ಸಲ ನೋಡಿದ್ದು, ನಗು ಬಂತು, ಕೊಟ್ಟೆ. ಈಗ ಮರಿ ಹಾಕೋ ಕಾಲ. ನಿನ್ನ ಹದ್ದಿಗೆ ಪಂಕ್ತಿ ಊಟ, ನನ್ನ ಮರಿಗೆ ತೋಳದ ಹಲ್ಲು. ತಂದುಕೊಡು."

ಇದರ ಮುಂದೆ ಬೆಳಗಿನಿಂದ ಹೆದರಿದ್ದು ಏನೂ ಅಲ್ಲ ಎನಿಸುತ್ತದೆ ದೋನ್ಕಾಗೆ. ಡಬ್ಬಿ ಕೊಟ್ಟರೆ ನಾಳೆಯ ಕುರಿಗೆ ವಿಷ ಸವರಿಲ್ಲವೆಂದು ಯಾರು ಹೇಳಬೇಕು? ಮನೆಗೆ ಬಂದು ಹುಡುಕಿದಾಗ ಸೌದೆಕೊಟ್ಟಿಗೆಯಲ್ಲಿ ಡಬ್ಬಿ ಸಿಗುತ್ತದೆ, ಚಿಂದಿ ಸುತ್ತಿದೆ. ಚರಂಡಿಗೆ ಸುರಿದುಬಿಡಲೇ ಎಂದು ಮುಚ್ಚಳಕ್ಕೆ ಕೈಹಾಕುತ್ತಾಳೆ. ಅತ್ತೆ ಹೊಸ್ತಿಲಲ್ಲಿ ನಿಂತಿದ್ದಾಳೆ.

"ಸಾಲ ತಂದ ವಸ್ತು ಮನೇಲಿ ಇಟ್ಕೊಂಡು ನನ್ನ ಮಗನ್ನ ಮಣ್ಣಲ್ಲಿ ಹೊರಳಾಡಿಸ್ಬೇಡ ಕಣೆ."

ಹೊತ್ತು ಇಳಿಯುವಾಗ ದೋನ್ಕಾ ಮತ್ತೆ ಹಟ್ಟಿಯ ಮುಂದೆ. ನಾಯಿಗಳು ಬೊಗಳುತ್ತಿವೆ. ಚಿಂದಿ ಬಿಚ್ಚಿ, ತುಂಬಿದ ಡಬ್ಬಿಯನ್ನು ಶಾಕಿರನ ಅಂಗೈಗೆ ಇಡುತ್ತಾಳೆ.

"ಮಿಂಚೋನ ಸಾಲ ತೀರ್ತು, ಅಣ್ಣ. ಈಗ ಅದನ್ನ ನನಗೆ ಸಾಲ ಕೊಡು."

ಶಾಕಿರ ಡಬ್ಬಿಯನ್ನು ಕಿವಿಯ ಬಳಿ ಹಿಡಿದು ಅಲುಗಿಸುತ್ತಾನೆ. "ಅವನು ಒಂದು ಚಳಿಗಾಲ ಅಂದಿದ್ದ. ನೀನು?"

"ತೋಳ ಇರೋವರೆಗೆ" ಎನ್ನುತ್ತಾಳೆ ದೋನ್ಕಾ. ಅವಳ ಕೈ ಇನ್ನೂ ಚಾಚಿಯೇ ಇದೆ.