ನಿಧಾನ, ಆದರೆ ಎಳೆಯದೆ

ಸಂಗೀತ ಶಾಲೆಯಲ್ಲಿ ಆಕೆಯನ್ನು ಎಲ್ಲರೂ ಪಿಯಾನೊ ಟೀಚರ್ ಎನ್ನುತ್ತಿದ್ದರು. ನಿಜ ಹೇಳಬೇಕೆಂದರೆ ಆಕೆ ಯಾರಿಗೂ ಪಿಯಾನೊ ಕಲಿಸಿದವಳೇ ಅಲ್ಲ. ಮಕ್ಕಳು ಕೊಳಲನ್ನೋ ಪಿಟೀಲನ್ನೋ ನುಡಿಸುವಾಗ ಹಿಂದೆ ಕೂತು ಪಿಯಾನೊ ಸಾಥ್ ಕೊಡುವುದು ಆಕೆಯ ಕೆಲಸ. ಏಣಿ ಹಿಡಿದು ನಿಂತವರ ಪಾಡು ಅದು. ಹತ್ತಿದವನಿಗೆ ಚಪ್ಪಾಳೆ, ಹಿಡಿದವರಿಗೆ ಕೈನೋವು.

ಆಕೆಯ ಗಂಡ ಅದೇ ಶಾಲೆಯಲ್ಲಿ ಕೊಳಲಿನ ಮೇಷ್ಟ್ರು. ಬಿದಿರಿನದಲ್ಲ, ಗುಂಡಿಗಳಿರುವ ಲೋಹದ ಕೊಳಲು. ಮಕ್ಕಳು ಬೆನ್ನ ಹಿಂದೆ ಅವರಿಗೆ ಉಸಿರು ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ದೊಡ್ಡ ಪರೀಕ್ಷೆಗೆ ವರ್ಷ ವರ್ಷವೂ ಕೊಳಲು ಮತ್ತು ಪಿಯಾನೊಗೆಂದು ಬರೆದ ಒಂದೇ ಕೃತಿ. ದುಃಖಕ್ಕೆಂದೇ ಎತ್ತಿಟ್ಟಂಥ ಮೈನರ್ ಶ್ರುತಿ. ಹಾಳೆಯ ತಲೆಯ ಮೇಲೆ ‘ನಿಧಾನ, ಆದರೆ ಎಳೆಯದೆ’ ಎಂಬ ಸೂಚನೆ. ನಡುವೆ ಒಂದು ಉದ್ದನೆಯ ಸಾಲು. ಅದನ್ನು ಒಂದೇ ಉಸಿರಿನಲ್ಲಿ ಮುಗಿಸಬೇಕು. “ಅಲ್ಲಿ ಉಸಿರು ತಗೊಂಡ್ರೆ ಮಾತಾಡ್ತಿದ್ದೋರ ಬಾಯಿ ಮುಚ್ಚಿದ ಹಾಗೆ,” ಎಂದು ಮೇಷ್ಟ್ರು ಗದರುತ್ತಿದ್ದರು.

ಎಳೆಯ ಶ್ವಾಸಕ್ಕೆ ಅಷ್ಟು ಕಸುವು ಎಲ್ಲಿಂದ ಬರಬೇಕು? ಅದಕ್ಕೆ ಆಕೆ ಒಂದು ಉಪಾಯ ಕಂಡುಕೊಂಡಿದ್ದಳು. ನುಡಿಸುವವರ ಭುಜದ ಮೇಲೆ ಕಣ್ಣಿಟ್ಟಿರುವುದು. ಭುಜ ಮೇಲೇರಿತೋ, ಉಸಿರು ಮುಗಿಯುತ್ತ ಬಂತು ಎಂದರ್ಥ. ಆಗ ಪಿಯಾನೊದ ಲಯವನ್ನು ತುಸು ಓಡಿಸಿದರೆ ಸಾಲು ಬೇಗ ದಡ ಸೇರುತ್ತದೆ. ಹಾಗೆ ಎಷ್ಟು ಮಕ್ಕಳನ್ನು ಪಾಸು ಮಾಡಿಸಿದಳೋ ಲೆಕ್ಕ ಇಟ್ಟವರಿಲ್ಲ.

ಬರುಬರುತ್ತ ಆ ಓಟ ಆಕೆಯ ಕೈಗೇ ಅಂಟಿಕೊಂಡಿತು. ಮೇಷ್ಟ್ರು ಶ್ವಾಸಕೋಶ ಕೆಟ್ಟು ರಜೆ ಹಾಕಿ ಮನೆ ಹಿಡಿದ ಮೇಲಂತೂ ಇಡೀ ಬದುಕೇ ಓಟ. ಬೆಳಿಗ್ಗೆ ಅವರಿಗೆ ಆವಿ ಕೊಡಬೇಕು, ಬೆನ್ನು ತಟ್ಟಬೇಕು, ಅನ್ನಕ್ಕಿಟ್ಟು ಶಾಲೆಗೆ ಓಡಬೇಕು; ಮಧ್ಯಾಹ್ನ ಬಂದು ಮಾತ್ರೆ ನುಂಗಿಸಿ ಮತ್ತೆ ಓಡಬೇಕು. ಬಸ್ಸಿನಲ್ಲಿ ನಿಂತೇ ತೂಕಡಿಸುವಷ್ಟು ದಣಿವು. ಹೇಗಿದ್ದೀರಿ ಎಂದು ಯಾರಾದರೂ ಕೇಳಿದರೆ “ಇದ್ದೀನಿ” ಎನ್ನುತ್ತಿದ್ದಳು. ಅದಕ್ಕಿಂತ ಉದ್ದದ ಉತ್ತರಕ್ಕೆ ತ್ರಾಣವಿರಲಿಲ್ಲ.

ಮೇಷ್ಟ್ರಿಗೆ ನಿವೃತ್ತಿಯ ದಿನ ಹತ್ತಿರ ಬಂತು. ಬೀಳ್ಕೊಡುಗೆಗೆ ಆ ಕೃತಿಯನ್ನೇ ನುಡಿಸಬೇಕೆಂದು ಹಟ ಹಿಡಿದರು. “ಇದೊಂದು ಸಲ ಊದಿ. ಆಮೇಲೆ ಕೊಳಲಿನ ಸಹವಾಸ ಬೇಡ,” ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಮನೆಯ ಹಳೆಯ ಪಿಯಾನೊ ಮುಂದೆ ಇಬ್ಬರೂ ಅಭ್ಯಾಸಕ್ಕೆ ಕೂತರು. ಉದ್ದನೆಯ ಸಾಲು ಬಂದಾಗ ಮೇಷ್ಟ್ರು ತಟ್ಟನೆ ನಿಲ್ಲಿಸಿದರು.

“ಓಡ್ತಿದ್ದೀಯ.”

“ನಿಮ್ಮ ಭುಜ ಮೇಲೆ ಹೋಯ್ತಲ್ಲ, ಅದಕ್ಕೆ.”

“ಮಕ್ಕಳಿಗೆ ಮಾಡೋ ಉಪಕಾರ ನನಗೂ ಮಾಡ್ತೀಯಾ?”

“ನೋಡ್ರೀ, ಎಲ್ಲರ ಮುಂದೆ ಉಸಿರು ಕಟ್ಟಿದ್ರೆ ಕೆಮ್ಮೋರು ನೀವೋ ನಾನೋ?”

“ನಾನೇ, ಕೆಮ್ತೀನಿ ಬಿಡು. ಕೊನೇ ಸಲ ಬರೆದ ಹಾಗೇ ನುಡಿಸ್ಬೇಕು ನನಗೆ.” ಕೊಳಲನ್ನು ಮಡಿಲಲ್ಲಿ ಇಟ್ಟುಕೊಂಡರು. ದನಿಯಲ್ಲಿ ಸಿಟ್ಟಿರಲಿಲ್ಲ. “ಭುಜಕ್ಕೋಸ್ಕರ ಓಡ್ತಿಲ್ಲ ಕಣೇ ನೀನು. ಬೇಗ ಮುಗಿದ್ರೆ ಸಾಕು ಅನಿಸಿದೆ ನಿನಗೆ.”

ಆಕೆ ಎದ್ದು ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು. ಮಾತು ಎದೆಗೆ ನಾಟಿತ್ತು, ಏಕೆಂದರೆ ಅದು ಸುಳ್ಳಾಗಿರಲಿಲ್ಲ. ಇದೆಲ್ಲ ಒಮ್ಮೆ ಮುಗಿದರೆ ಸಾಕಪ್ಪ ಎಂದು ಆಕೆಗೆ ಅನಿಸಿದ್ದುಂಟು, ಒಂದಲ್ಲ ಹತ್ತು ಸಲ. ‘ಇದೆಲ್ಲ’ ಎಂದರೆ ಯಾವುದು, ಯಾರು ಎಂದು ಮಾತ್ರ ಕೇಳಿಕೊಂಡಿರಲಿಲ್ಲ. ಈಗ ಕೇಳಿಕೊಂಡಳು, ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟಳು. ಕೈ ಒರೆಸಿಕೊಂಡು ಹೊರಗೆ ಬಂದು, “ಆಯ್ತು, ಬರೆದ ಹಾಗೇ ನುಡಿಸ್ತೀನಿ,” ಎಂದಳು.

ಬೀಳ್ಕೊಡುಗೆಯ ಸಂಜೆ ಶಾಲೆಯ ಸಭಾಂಗಣ ತುಂಬಿತ್ತು. ಭಾಷಣಗಳು ಹನುಮಂತನ ಬಾಲದಂತೆ ಬೆಳೆದು, ಅಂತೂ ಮುಗಿದವು. ಮೇಷ್ಟ್ರು ನಿಂತೇ ನುಡಿಸಿದರು. ಮೊದಲ ಪುಟ ಹಗುರಾಗಿ ಸಾಗಿತು. ಉದ್ದನೆಯ ಸಾಲಿನ ಅರ್ಧಕ್ಕೆ ಬಂದಾಗ ಭುಜ ಮೇಲೇರತೊಡಗಿತು. ಆಕೆಯ ಬೆರಳುಗಳು ಕಟ್ಟಿಹಾಕಿದ ಕರುಗಳಂತೆ ಜಗ್ಗಾಡಿದವು. ಆಕೆ ಓಡಲು ಬಿಡಲಿಲ್ಲ. ಕೊಳಲಿನ ದನಿ ತೆಳುವಾಯಿತು, ನಿಂತೇಹೋಯಿತು. ಮುಂದಿನ ಸ್ವರಗಳನ್ನು ತಾನೇ ನುಡಿಸಿ ಮುಚ್ಚಿಹಾಕುವುದು ಆಕೆಗೆ ನೀರು ಕುಡಿದಷ್ಟು ಸುಲಭ. ಅದನ್ನೂ ಮಾಡದೆ ಕೈಯನ್ನು ಇದ್ದಲ್ಲೇ ಇಟ್ಟುಕೊಂಡು ಕಾದಳು. ಅಷ್ಟು ಜನ ಶಿಷ್ಯರ ಎದುರಿಗೆ, ಸಾಲಿನ ನಟ್ಟನಡುವೆ, ಮೇಷ್ಟ್ರು ಬಾಯಿ ತೆರೆದು ಸದ್ದು ಮಾಡಿಕೊಂಡು ಉಸಿರೆಳೆದುಕೊಂಡರು. ಯಾರೂ ನಗಲಿಲ್ಲ. ಬಿಟ್ಟಲ್ಲಿಂದಲೇ ಮತ್ತೆ ಹಿಡಿದರು.

ಕೊನೆಯ ಪುಟ ಬಂತು. ವಿಚಿತ್ರವೆಂದರೆ ಈಗ ಆಕೆಯ ಕೈ ಓಡಲು ಒಲ್ಲದಾಯಿತು. ಒಂದೊಂದು ಸ್ವರವನ್ನೂ ಬಿಡಲಾರದೆ ಬಿಡುತ್ತಿದ್ದಳು. ಬರೆದದ್ದಕ್ಕಿಂತ ನಿಧಾನವಾಯಿತು, ಇನ್ನೂ ನಿಧಾನವಾಯಿತು. ಮೇಷ್ಟ್ರು ಹುಬ್ಬು ಹಾರಿಸಿ, ಮುಂದೆ ಹೋಗು ಎಂದು ತಲೆ ಆಡಿಸಿದರು. ಆಕೆ ನೋಡಿಯೂ ನೋಡದಂತೆ ಇದ್ದಳು. ಕೊನೆಯ ಸ್ವರವನ್ನು ಅವರು ಉಸಿರಿರುವಷ್ಟು ಹೊತ್ತು ಹಿಡಿದು ಕೊಳಲು ಇಳಿಸಿದರು.

ಪಿಯಾನೊ ಮಾತ್ರ ನಿಲ್ಲಲಿಲ್ಲ. ಕಾಲಡಿಯ ಪೆಡಲ್ ಒತ್ತಿ ಹಿಡಿದಿದ್ದರೆ ನುಡಿಸಿದ ಸ್ವರ ಬೇಗ ಆರುವುದಿಲ್ಲ. ಆಕೆಯ ಕಾಲು ಅದರ ಮೇಲೇ ಇತ್ತು. ಚಪ್ಪಾಳೆಗೆ ಎತ್ತಿದ ಕೈಗಳು ಹಾಗೇ ನಿಂತವು. ಮೇಷ್ಟ್ರು ಏದುಸಿರು ಬಿಡುತ್ತ ಆಕೆಯ ಕಡೆ ಬಗ್ಗಿದರು.

“ಮುಗೀತು ಕಣೇ. ಕಾಲು ತೆಗಿ.”

“ತೆಗೀತೀನಿ, ಇರಿ,” ಎಂದಳು. ತೆಗೆಯಲಿಲ್ಲ.