ಮಧ್ಯಾಹ್ನದ ನೀರು

ದೆವ್ವ, ಶಕುನ, ಕಣಿ ಎಂದರೆ ನಾನು ಸೆರಗಿನ ಮರೆಯಲ್ಲಿ ನಗುತ್ತಿದ್ದವಳು. ಊರಿನಲ್ಲಿ ನನ್ನ ಓರಗೆಯವರು ಅಲ್ಲಿ ಇದನ್ನು ಕಂಡೆ, ಇಲ್ಲಿ ಅದನ್ನು ಕಂಡೆ ಎಂದು ಹೇಳುವಾಗ ಒಂದು ದಿನವೂ ನನ್ನ ಮೈ ಜುಮ್ಮೆಂದಿಲ್ಲ. ನಿಮ್ಮ ಅಜ್ಜ ಬಸ್ ಕಂಡಕ್ಟರ್ ಆಗಿದ್ದರು. "ಇಷ್ಟ್ ವರ್ಷ ರಾತ್ರಿ ಕಡೀ ಬಸ್ಸಿನ ಡ್ಯೂಟಿ ಮಾಡೇನಿ, ಟಿಕೀಟ್ ಇಲ್ಲದ ಒಂದ್ ದೆವ್ವಾನೂ ಹತ್ತಿಲ್ಲ" ಎನ್ನುತ್ತಿದ್ದರು. ನನಗೂ ಅಷ್ಟೇ ಸಾಕಾಗಿತ್ತು. ಹಾಗಾಗಿ ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಆದರೂ ವಿನಯ, ನೀಲಾ, ಇದು ನಿಮಗೆ ಸೇರಿದ ಸಂಗತಿ. ನಿಮಗೆ ಕನ್ನಡ ತಿಳಿಯುತ್ತದೆ, ಓದಲು ಬಾರದು. ನಿಮ್ಮ ತಾಯಿ ಸುಮಾ ಓದಿ ಹೇಳಲಿ. ನಾನು ಹಳ್ಳಿಯ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಕಲಿತವಳು, ತಪ್ಪಿದ್ದರೆ ಅವಳೇ ತಿದ್ದಿಕೊಳ್ಳಲಿ.

ಆಗ ನೀವು ಅಮೆರಿಕದಲ್ಲಿ, ಡಾಲಸ್ ಪಕ್ಕದ ಫ್ಲವರ್ ಮೌಂಡಿನ ಹಳೆಯ ಮನೆಯಲ್ಲಿದ್ದಿರಿ. ವಿನಯನಿಗೆ ಹದಿಮೂರು, ನೀಲಾಳಿಗೆ ಏಳು. ನಾನು ಆರು ತಿಂಗಳಿಗೆಂದು ಬಂದಿದ್ದೆ. ನಿಮ್ಮ ಅಪ್ಪ ಆ ಸಲ ರಜೆಗೆ ಊರಿಗೆ ಹೋದಾಗ ಲಡಾಖಿನಲ್ಲಿ ಹತ್ತು ದಿನ ಟ್ರೆಕ್ ಮಾಡಲೇಬೇಕು ಎಂದು ಹಟ ಹಿಡಿದಿದ್ದರು. ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿದರು. ಮರವಿಲ್ಲ, ಹುಲ್ಲಿಲ್ಲ. ಎಲ್ಲಿ ನೋಡಿದರೂ ಮಣ್ಣಿನ ಬಣ್ಣದ ಬೆಟ್ಟ, ಮೇಲೆ ಒಂದಿಷ್ಟು ಹಿಮ. ಇದನ್ನು ನೋಡಲು ಇಷ್ಟು ದೂರದಿಂದ ಹೋಗಬೇಕೆ ಎನ್ನಿಸಿತು. ಬಾಯಿ ಬಿಟ್ಟು ಹೇಳಲಿಲ್ಲ.

ಡಾಲಸ್ ಸುತ್ತಮುತ್ತ ಹತ್ತಿ ಇಳಿಯಲು ಒಂದು ಗುಡ್ಡವೂ ಇಲ್ಲ. ಅದಕ್ಕೆ ನಿಮ್ಮ ಅಪ್ಪ, ಸುಮಾ, ವಿನಯ ಮೂವರೂ ಅಭ್ಯಾಸಕ್ಕೆಂದು ಬೆನ್ನಿನ ಚೀಲದಲ್ಲಿ ಸೋನಾ ಮಸೂರಿ ಅಕ್ಕಿಯ ಪೊಟ್ಟಣ ತುಂಬಿಕೊಂಡು, ವಿನಯನ ಶಾಲೆಯ ಆಟದ ಮೈದಾನದ ಮೆಟ್ಟಿಲುಗಳನ್ನು ದಿನಾ ಹತ್ತಿ ಇಳಿಯುತ್ತಿದ್ದರು. ಆ ಅಕ್ಕಿಯನ್ನೇ ನಾನು ಆಮೇಲೆ ಅನ್ನ ಮಾಡುತ್ತಿದ್ದೆ.

ಯಾವ ದಾರಿ ಎಂಬುದೇ ದೊಡ್ಡ ಜಗಳವಾಗಿತ್ತು. ಒಂದು ದಾರಿ ಬಹಳ ಎತ್ತರದ ಗುಡ್ಡವನ್ನು ಹತ್ತಿ ಇಳಿಯುವುದು. ಇನ್ನೊಂದು ಹೊಳೆಯ ಪಕ್ಕದಲ್ಲೇ ನಡೆಯುವುದು, ಅಲ್ಲಲ್ಲಿ ನೀರಿಗಿಳಿದು ದಾಟುವುದು. ಮನೆಯಲ್ಲಿ ಅವಕ್ಕೆ ಗುಡ್ಡದ ದಾರಿ, ಹೊಳಿ ದಾರಿ ಎಂದೇ ಹೆಸರಾಯಿತು. ವಿನಯನಿಗೆ ಆಗ ಉಬ್ಬಸವಿತ್ತು. ಎತ್ತರದಲ್ಲಿ ಗಾಳಿ ತೆಳುವಂತೆ. ಅದಕ್ಕೆ ಸುಮಾಳಿಗೆ ಹೊಳೆಯ ದಾರಿ ಬೇಕು. ಗ್ರಾನೈಟ್ ಅಂಗಡಿ ನಡೆಸುತ್ತಿದ್ದ ನಿಮ್ಮ ಅಪ್ಪನಿಗೆ ಗುಡ್ಡದ ದಾರಿ ಬೇಕು.

"ಕಾಲ್ ತೊಯ್ಸಿಕೊಳ್ಳಾಕ ಲಡಾಖಿಗೆ ಯಾಕ ಹೋಗ್ಬೇಕು? ಹಿಂದ ಸ್ವಿಮ್ಮಿಂಗ್ ಪೂಲ್ ಐತೆಲ್ಲ."

"ಅಲ್ಲೆ ಅವಂಗ ಉಸಿರು ಸಿಕ್ಕೊಂಡ್ರ ಹೊತ್ಕೊಂಡ್ ಇಳಿಯೋರು ಯಾರು? ನಿಮಗ ಅಂಗಡ್ಯಾಗ ಒಂದು ಗ್ರಾನೈಟ್ ಹಾಸು ಎತ್ತಾಕ ನಾಕ್ ಮಂದಿ ಬೇಕ್ರಿ!"

ಒಂದು ಶನಿವಾರ ಈ ಜಗಳ ತಿಂಡಿಯ ತಟ್ಟೆಗಳ ಮುಂದೆಯೇ ಶುರುವಾಯಿತು. ಗಂಡ ಹೆಂಡತಿ ಮಾತಿಗೆ ಬಿದ್ದಾಗ ಅಳಿಯನ ಮುಂದೆ ಕೂತಿರುವುದು ನನಗೆ ಮುಜುಗರ. ಸ್ಟೀಲಿನ ನೀರಿನ ಬಾಟಲಿ ತುಂಬಿಕೊಂಡು ಹೊರಗೆ ನಡೆದೆ.

ಮನೆಗಳ ಹಿಂದೆ ಮಳೆನೀರು ಹೋಗಲು ಕಾಂಕ್ರೀಟಿನ ಕಾಲುವೆಯೊಂದಿತ್ತು. ಅದರ ಪಕ್ಕದಲ್ಲಿ ಕಾಲುದಾರಿ, ಒಂದೆರಡು ಬೆಂಚು. ಜೂನ್ ತಿಂಗಳು, ಹೊತ್ತು ಹನ್ನೊಂದರ ಸುಮಾರು, ನೆಲ ಕಾದ ಹಂಚಾಗಿತ್ತು. ಕಾಲುವೆಯಲ್ಲಿ ಒಂದು ಹನಿ ನೀರಿರಲಿಲ್ಲ. ನಾನು ದಿನಾ ಕೂರುತ್ತಿದ್ದ ಬೆಂಚಿನ ಮೇಲೆ ಒಬ್ಬ ಗಂಡಸು ಕೂತಿದ್ದ.

ಐವತ್ತು ದಾಟಿದವನು. ಕೆನ್ನೆ ಬಿಸಿಲಿಗೆ ಸುಟ್ಟು ಒಡೆದಿತ್ತು. ಮೊಣಕಾಲು ಮುಚ್ಚುವ ದಪ್ಪ ಉಣ್ಣೆಯ ಅಂಗಿ ತೊಟ್ಟು ನಡುವಿಗೆ ಬಟ್ಟೆ ಬಿಗಿದಿದ್ದ. ಆ ಬಿಸಿಲಲ್ಲಿ ಉಣ್ಣೆ! ಮುಖದ ಮೇಲೆ ಒಂದು ಹನಿ ಬೆವರಿಲ್ಲ. ನಮ್ಮ ಹಾಗೆಯೇ ಮಕ್ಕಳ ಮನೆಗೆ ಬಂದ ಯಾರದೋ ತಂದೆ, ನೇಪಾಳದ ಕಡೆಯವನಿರಬೇಕು ಎಂದುಕೊಂಡೆ. ಪರಗಂಡಸರ ಜೊತೆ ನಾನು ಮಾತನಾಡುವವಳಲ್ಲ. ಸೆರಗು ಹೊದ್ದು ಮುಂದೆ ಹೋಗುವುದರಲ್ಲಿದ್ದೆ. ಅವನು ಬಾಟಲಿಯ ಕಡೆ ನೋಡಿದ. ನೀರು ಕೇಳಿದವರಿಗೆ ಇಲ್ಲವೆನ್ನಲಾಗುತ್ತದೆಯೇ? ಕೊಟ್ಟೆ. ತುಟಿಗೆ ತಾಗಿಸದೆ ಎತ್ತಿ ಕುಡಿದು, ತಿರುಗಿ ಕೊಟ್ಟ.

ಆಮೇಲೆ ಅವನು ಕಾಲುವೆಯ ಕಡೆ ಕೈ ಮಾಡಿ ಹೇಳಿದ. ಮುಂಜಾನೆ ನೀರು ಮೊಣಕಾಲಿಗೆ ಬರುತ್ತದೆ, ಮಧ್ಯಾಹ್ನ ಎದೆಗೆ ಬರುತ್ತದೆ, ಮಗುವನ್ನು ಕರೆದುಕೊಂಡು ಮಧ್ಯಾಹ್ನ ದಾಟಬಾರದು. ಇಷ್ಟೇ. ನಾನು ಒಣಗಿದ ಕಾಲುವೆಯನ್ನು ನೋಡಿದೆ. ಪಾಪ, ಬಿಸಿಲಿಗೆ ತಲೆ ತಿರುಗಿರಬೇಕು ಎಂದುಕೊಂಡು ತಲೆಯಾಡಿಸಿ ಮನೆಗೆ ತಿರುಗಿದೆ. ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ಬೆಂಚು ಖಾಲಿಯಿತ್ತು. ಅದನ್ನು ವಿಚಿತ್ರವೆಂದು ನಾನು ಹೇಳುವುದಿಲ್ಲ. ಎದ್ದು ಹೋಗಿರಬಹುದು.

ಬಾಟಲಿ ತೊಳೆಯಲು ಸಿಂಕಿನಲ್ಲಿ ಬಗ್ಗಿಸಿದೆ. ತಳದಲ್ಲಿ ಬೂದಿಯಂಥ ನುಣ್ಣನೆಯ ಮರಳಿತ್ತು. ಫಿಲ್ಟರಿನ ನೀರು ತುಂಬಿದ ಬಾಟಲಿ. ಎಲ್ಲಿಂದ ಬಂತು ಎಂದು ಯೋಚಿಸುವ ಮೊದಲೇ ಕೈ ಅಭ್ಯಾಸದಂತೆ ಉಜ್ಜಿ ತೊಳೆದುಬಿಟ್ಟಿತು.

ಅಷ್ಟರಲ್ಲಿ ಮೇಜಿನ ಬಳಿ ಸುಮಾ ಗೆದ್ದಿದ್ದಳು. ಹೊಳೆಯ ದಾರಿಯೇ ಗಟ್ಟಿಯಾಗಿತ್ತು. "ಹೊಳಿ" ಎಂಬ ಮಾತು ಕಿವಿಗೆ ಬಿತ್ತು. ಅವನು ತೋರಿಸಿದ್ದು ಕಾಲುವೆಯನ್ನಲ್ಲ ಎನ್ನಿಸಿತು. ಹೇಳಿದರೆ ನಿಮ್ಮ ಅಪ್ಪ ಅದನ್ನೇ ನೆಪ ಮಾಡಿ ಗುಡ್ಡದ ದಾರಿಗೆ ಎಳೆಯುತ್ತಾರೆ, ಅಲ್ಲಿ ಮಗುವಿಗೆ ಉಸಿರಿನ ಅಪಾಯ. ಹೇಳದಿದ್ದರೆ ನೀರಿನದು. ನಾನು ಆ ಮನೆಯಲ್ಲಿ ಒಂದು ದಿನವೂ ಯಾವ ನಿರ್ಧಾರಕ್ಕೂ ಬಾಯಿ ಹಾಕಿದವಳಲ್ಲ. ಸಂಜೆಯವರೆಗೆ ಒದ್ದಾಡಿದೆ. ಕೊನೆಗೆ ಸುಮಾ ಒಬ್ಬಳೇ ಇದ್ದಾಳೆಂದು ಮೆಲ್ಲಗೆ ಎಲ್ಲವನ್ನೂ ಹೇಳಿ, "ಹೊಳಿ ದಾರೀಲೇ ಹೋಗವ್ವ. ಆದ್ರ ಮಧ್ಯಾಹ್ನ ದಾಟಬ್ಯಾಡ್ರಿ, ಮುಂಜಾನೆ ದಾಟ್ರಿ" ಎಂದೆ.

ನಿಮ್ಮ ಅಪ್ಪ ಬಾಗಿಲಲ್ಲೇ ನಿಂತಿದ್ದರು, ಹಿಂದೆ ನೀವಿಬ್ಬರೂ ಇದ್ದಿರಿ. "ಅಲ್ರೀ ಅತ್ತಿ, ಹೊಳಿ ಅಂದ್ರ ನಮ್ಮ ಹುಬ್ಬಳ್ಳಿ ನಳ ಅಂತ ತಿಳಿದೀರೇನು, ಟೈಮ್ ನೋಡಿ ನೀರ್ ಬರಾಕ?" ಎಂದು ನಕ್ಕರು. ವಿನಯನೂ ನಕ್ಕ. ನೀಲಾ, ನೀನು ಮಾತ್ರ ನಗಲಿಲ್ಲ. "ಅಜ್ಜಿ, ಡಿಡ್ ಹಿ ಟಾಕ್ ಇನ್ ಕನ್ನಡ?" ಎಂದು ಕೇಳಿದೆ. ಅವನು ಕನ್ನಡದಲ್ಲಿ ಮಾತಾಡಿದನೇ ಎಂದು ಕೇಳುತ್ತಿದ್ದಾಳೆ ಎಂದು ಸುಮಾ ತಿಳಿಸಿದಳು.

ನಾನು ಅವನ ಮಾತನ್ನು ನೆನೆಸಿಕೊಳ್ಳಲು ನೋಡಿದೆ. ನನಗೆ ಬರುವುದು ಕನ್ನಡ ಒಂದೇ, ಆದ್ದರಿಂದ ಕನ್ನಡವೇ ಆಗಿರಬೇಕು. ಆದರೆ ಅವನ ಬಾಯಿಂದ ಬಂದ ಒಂದೇ ಒಂದು ಶಬ್ದವೂ ನೆನಪಿಗೆ ಬರಲಿಲ್ಲ. ಅರ್ಥ ಮಾತ್ರ ಇತ್ತು. ಮೇಲೆ ಅವನ ಮಾತನ್ನು ನಾನು ಅವನ ಬಾಯಲ್ಲಿ ಹೇಳಿಸದೆ ಬರೆದದ್ದು ಅದಕ್ಕೇ.

ಮುಂದಿನ ತಿಂಗಳು ಎಲ್ಲರೂ ಊರಿಗೆ ಬಂದೆವು. ನಾನೂ ನೀಲಾಳೂ ಹುಬ್ಬಳ್ಳಿಯಲ್ಲಿ ನನ್ನ ತಮ್ಮನ ಮನೆಯಲ್ಲಿ ಉಳಿದೆವು. ಹನ್ನೆರಡು ದಿನ ಸುದ್ದಿಯಿರಲಿಲ್ಲ. ಹದಿಮೂರನೆಯ ದಿನ ಲೇಹ್‌ನಿಂದ ಸುಮಾಳ ಫೋನ್ ಬಂತು. ನಾಲ್ಕನೆಯ ದಿನ ವಿನಯನಿಗೆ ತಲೆನೋವು ಬಂದು ಹೊರಡುವುದು ತಡವಾಯಿತಂತೆ. ಹೊಳೆ ಮುಟ್ಟಿದಾಗ ಮಧ್ಯಾಹ್ನ ಎರಡು. ನೀರು ಸ್ವಲ್ಪ ಏರಿದೆ, ಆದರೂ ಕೈ ಹಿಡಿದುಕೊಂಡು ದಾಟಬಹುದು, ಡೇರೆ ಹಾಕುವ ಜಾಗ ಆಚೆ ದಡದಲ್ಲೇ ಇದೆ ಎಂದನಂತೆ ದಾರಿ ತೋರಿಸುವವನು. ಸುಮಾ ಒಂದು ಕಲ್ಲಿನ ಮೇಲೆ ಕೂತುಬಿಟ್ಟಳಂತೆ. ನಿಮ್ಮ ಅಪ್ಪ ಸಿಟ್ಟಾದರು, ಗೋಗರೆದರು. ಅವಳು ಏಳಲಿಲ್ಲ. ಅರ್ಧ ತಾಸಿನಲ್ಲಿ ನೀರು ಬೂದಿ ಬಣ್ಣಕ್ಕೆ ತಿರುಗಿತು. ಒಳಗೆ ಬಂಡೆಗಳು ಉರುಳುವ ಸದ್ದು ಕೇಳಿಸಿತು. ಮೂವರೂ ಈಚೆ ದಡದಲ್ಲೇ ಮಲಗಿದರು. ಮರುದಿನ ಬೆಳಿಗ್ಗೆ ಮೊಣಕಾಲು ನೀರಿನಲ್ಲಿ ದಾಟಿದರು.

ನಿಮ್ಮ ಅಪ್ಪ ಫೋನ್ ತೆಗೆದುಕೊಂಡು, "ಅತ್ತಿ, ನಳದ ಟೈಮ್ ಬರೋಬ್ಬರಿ ಹೇಳಿದ್ರಿ ನೋಡ್ರಿ" ಎಂದರು. ನಗಲು ನೋಡಿದರು, ಆಗಲಿಲ್ಲ.

ಆಮೇಲೆ ಅವರು ನನಗೆ ಬಿಡಿಸಿ ಹೇಳಿದರು. ಬಿಸಿಲೇರಿದಂತೆ ಮೇಲಿನ ಹಿಮ ಕರಗಿ ಮಧ್ಯಾಹ್ನ ನೀರು ಏರುತ್ತದೆ, ಅಲ್ಲಿಯ ಎಲ್ಲ ಹೊಳೆಗಳದ್ದೂ ಅದೇ ರೀತಿ, ಟಿವಿಯಲ್ಲೋ ತಮ್ಮ ಮಾತಿನಲ್ಲೋ ನಾನು ಅದನ್ನು ಕೇಳಿಸಿಕೊಂಡಿರಬೇಕು ಎಂದರು. ಇರಬಹುದು. ಬಿಸಿಲಲ್ಲಿ ನನಗೇ ತಲೆ ತಿರುಗಿರಬಹುದು. ಆದರೆ ಮೇಜಿನ ಮುಂದೆ ಜಗಳವಷ್ಟೇ ಕನ್ನಡದಲ್ಲಿ, ದಾರಿಯ ಲೆಕ್ಕಾಚಾರದ ಮಾತೆಲ್ಲ ನನಗೆ ತಿಳಿಯದ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು. ಆ ಮರಳನ್ನು ತೊಳೆಯದೆ ಇಟ್ಟಿದ್ದರೆ ಯಾರಿಗಾದರೂ ತೋರಿಸಬಹುದಿತ್ತು. ಮುಂದೆ ಎರಡು ಸಲ ಫ್ಲವರ್ ಮೌಂಡಿಗೆ ಬಂದಾಗಲೂ ದಿನಾ ಅದೇ ಬೆಂಚಿಗೆ ನೀರಿನ ಬಾಟಲಿ ಹಿಡಿದುಕೊಂಡು ಹೋದೆ. ಯಾರೂ ಬರಲಿಲ್ಲ.

ನೀಲಾ ಈಗಲೂ ಫೋನಿನಲ್ಲಿ ಅದೇ ಪ್ರಶ್ನೆ ಕೇಳುತ್ತಾಳೆ. ಗೊತ್ತಿಲ್ಲ ಕೂಸ ಎನ್ನುತ್ತೇನೆ. ನನಗೆ ತಿಳಿಯದ್ದು ಇನ್ನೊಂದೂ ಇದೆ. ಆ ಮನೆಯಲ್ಲಿ ಮೂರು ನಾಲ್ಕು ಭಾಷೆ ಬಲ್ಲವರು, ಗಟ್ಟಿಯಾಗಿ ಮಾತನಾಡುವವರು ಇದ್ದರು. ಹೇಳಬೇಕಾದ್ದನ್ನು ಅವರಿಗೆ ಬಿಟ್ಟು, ಬಾಯಿ ಬಿಡದ ನನಗೆ ಅವನು ಯಾಕೆ ಹೇಳಿದ?